ಹುಳ ಬರೋದ್ರೊಳಗೆ ಕಾರು ಹೋಗಬೇಕು

ಕೆಲವರ ಮನೆಗೆ ಕಾರು ಬಂದರೆ ಜೊತೆಗೆ ಅದೃಷ್ಟವೂ ಬರುತ್ತದಂತೆ. ನಮ್ಮ ಮನೆಗೆ ಬಂದದ್ದು ಬರೀ ಸಲಹೆಗಾರರು. ಕಾರು ಓಡುತ್ತಿದ್ದಾಗ ಒಬ್ಬರೂ ತಿರುಗಿ ನೋಡಲಿಲ್ಲ, ಕೆಟ್ಟು ನಿಂತ ಮೇಲೆ ಊರೆಲ್ಲ ಬಂದು ನೋಡಿ ಹೋಯಿತು. ಅದನ್ನು ರಿಪೇರಿ ಮಾಡಿಸಿ ಮಾರೋಣ ಅಂತ ಹೊರಟಾಗಲಂತೂ ದಿನಾ ಒಂದಲ್ಲ ಒಂದು ಪ್ರಸಂಗ. ನಾನಾಗಿ ಹುಡುಕಿಕೊಂಡು ಹೋದದ್ದು ಒಂದೂ ಇಲ್ಲ, ಎಲ್ಲವೂ ಶೆಡ್ಡಿಗೇ ನಡೆದುಕೊಂಡು ಬಂದವು.

ನಾನು ಶಿಡ್ಲಘಟ್ಟದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಮನೆ ಮೇಲೂರಿನಲ್ಲಿ. ಯಾರೋ ಪುಢಾರಿಯ ಹಿಂಬಾಲಕನೊಬ್ಬನಿಂದ ಒಂದು ಪುಟ್ಟ ಬಿಳಿ ಕಾರನ್ನು ಸೆಕೆಂಡ್‌ಹ್ಯಾಂಡಿಗೆ ಕೊಂಡಿದ್ದೆ. ಸ್ವಲ್ಪ ದಿನ ಓಡಿತು. ಆಮೇಲೆ ಮನೆ ಹಿಂದಿನ ಶೆಡ್ಡಿನಲ್ಲಿ ನಿಂತದ್ದು ನಿಂತೇ ಬಿಟ್ಟಿತು. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಮಾತ್ರ ಅದಕ್ಕೆ ಸ್ನಾನ, ಮೂರು ಪಟ್ಟೆ ವಿಭೂತಿ, ಚಕ್ರಗಳ ಕೆಳಗೆ ನಿಂಬೆಹಣ್ಣು. ಅಕ್ಕಪಕ್ಕದವರು ಸೇರಿ ಒಂದು ಗಜ ಮುಂದೆ ತಳ್ಳುತ್ತಿದ್ದರು, ನಿಂಬೆಹಣ್ಣು ಅಪ್ಪಚ್ಚಿಯಾದ ಮೇಲೆ ಒಂದು ಗಜ ಹಿಂದೆ ಎಳೆಯುತ್ತಿದ್ದರು. ಆ ವರ್ಷದ ಪ್ರಯಾಣ ಅಲ್ಲಿಗೆ ಮುಗಿಯುತ್ತಿತ್ತು. ಇಷ್ಟು ವರ್ಷದಲ್ಲಿ ಒಂದೇ ಒಂದು ಅಪಘಾತ ಆಗಿಲ್ಲ. ಅದೆಲ್ಲ ಪೂಜೆಯ ಫಲ ಅಂತಲೇ ನಾನು ನಂಬಿದ್ದೆ.

ಮನೆ ಹಿಂದೆ ನಮಗೊಂದು ಹಿಪ್ಪುನೇರಳೆ ತೋಟವಿದೆ. ಇಷ್ಟು ದಿನ ಸೊಪ್ಪನ್ನು ಬೇರೆಯವರಿಗೆ ಮಾರುತ್ತಿದ್ದ ನನ್ನಾಕೆ, "ನಮ್ಮ ಸೊಪ್ಪು ತಿಂದು ಊರಿನೋರ ಹುಳ ಗೂಡು ಕಟ್ಟೋದು ಸಾಕು, ಈ ಸಲ ನಾನೇ ಹುಳ ಸಾಕ್ತೀನಿ" ಅಂತ ತೀರ್ಮಾನ ಮಾಡಿದಳು. ರೇಷ್ಮೆಹುಳದ ಮರಿಗಳನ್ನು ಎಳೆಯದರಲ್ಲಿ ಸಾಕಿ ಕೊಡುವ ಚಾಕಿ ಕೇಂದ್ರಕ್ಕೆ ಹೇಳಿಯೂ ಬಂದಳು.

"ರೀ, ಹುಳ ಬರೋದ್ರೊಳಗೆ ಶೆಡ್ಡಿಂದ ಕಾರು ಹೋಗ್ಬೇಕು" ಅಂದಳು.

"ಹೋಗ್ದಿದ್ರೆ?"

"ಹುಳ ಅಂತೂ ಬಂದೇ ಬರ್ತವೆ. ನಿಮ್ಮ ರೂಮಲ್ಲಿ ಅವು ಮಲಗ್ಲಿ, ಕಾರಲ್ಲಿ ನೀವು ಮಲಗಿ."

ಗುಜರಿಯವನು ಬಂದು ಕಬ್ಬಿಣದ ತೂಕಕ್ಕೆ ಕೇಳಿದ. ನನಗೆ ಮನಸ್ಸು ಬರಲಿಲ್ಲ. ಎಷ್ಟೇ ಆಗಲಿ ವಿಭೂತಿ ಹಚ್ಚಿ ಕೈಮುಗಿದ ಕಾರು. ನಾಲ್ಕು ಜನ ಒಪ್ಪುವ ಹಾಗೆ ಸಿಂಗಾರ ಮಾಡಿ, ಒಳ್ಳೆಯ ಕಡೆಗೆ ಕೊಡೋಣ ಅಂತ ನಿರ್ಧರಿಸಿದೆ.

ಬಾನೆಟ್ಟಿನೊಳಗೆ ಬಾಣಂತಿ

ನಮ್ಮೂರ ಮೆಕ್ಯಾನಿಕ್ ಹೆಚ್ಚಾಗಿ ರಿಪೇರಿ ಮಾಡುವುದು ರೇಷ್ಮೆ ನೂಲು ತೆಗೆಯುವ ಯೂನಿಟ್ಟುಗಳ ಮೋಟಾರನ್ನು. "ಮೋಟಾರು ಮೋಟಾರೇ ಸಾರ್, ಇದಕ್ಕೆ ಚಕ್ರ ಇರ್ತದೆ ಅಷ್ಟೇ" ಅಂತ ಧೈರ್ಯ ಹೇಳಿ ಬಂದ. ಬಾನೆಟ್ ಎತ್ತಿದ. ಎತ್ತಿದ ಕೈಯನ್ನು ಅಷ್ಟೇ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡ. ಬೆರಳಲ್ಲಿ ರಕ್ತ.

ಎಂಜಿನ್ ಮೇಲೆ ಒಂದು ಕೆಂಪು ಕೋಳಿ ರೆಕ್ಕೆ ಹರಡಿಕೊಂಡು ಕೂತಿತ್ತು. ಕೆಳಗಿನ ಸಂದಿಯಿಂದ ಹೋಗಿ ಬಂದು ಮಾಡುತ್ತಿತ್ತೆಂದು ಕಾಣುತ್ತದೆ.

ಪಕ್ಕದ ಮನೆ ಅಜ್ಜಿ ಓಡಿ ಬಂದರು. ಅವರ ಕೋಳಿ ಕಳೆದುಹೋಗಿ ಕೆಲವು ದಿನವಾಗಿತ್ತು. ಕದ್ದವರ ಕೈ ಸೇದಿಹೋಗಲಿ ಅಂತ ಅವರು ದಿನಾ ಬೆಳಿಗ್ಗೆ ಶಾಪ ಹಾಕುತ್ತಿದ್ದರು. ಹಾಕುವಾಗ ಯಾಕೋ ನಮ್ಮ ಮನೆ ಕಡೆಗೇ ತಿರುಗಿ ನಿಲ್ಲುತ್ತಿದ್ದರು.

"ಅಯ್ಯೋ ನನ್ ಬಂಗಾರು! ಇಲ್ಲಿದ್ದೀಯೇನೇ!" ಅಂದರು.

"ಸಿಕ್ತಲ್ಲಾ ಅಜ್ಜಿ, ಎತ್ಕೊಂಡು ಹೋಗಿ" ಅಂದೆ.

"ಏನಂದೆ? ಕಾವು ಕೂತಿರೋದನ್ನ ಎಬ್ಬಿಸ್ತಾರಾ? ಮೊಟ್ಟೆ ಎಲ್ಲಾ ಕೆಡ್ತವೆ ಕಣಪ್ಪ. ಮೇಷ್ಟ್ರಾಗಿ ಇಷ್ಟೂ ಗೊತ್ತಿಲ್ವಾ? ಬಾನೆಟ್ ಮುಚ್ಚು, ಬಾಣಂತಿಗೆ ಗಾಳಿ ಹೊಡೀತದೆ."

ಹೀಗಾಗಿ ನಮ್ಮ ಕಾರಿನ ರಿಪೇರಿ ಹಿಂದಿನಿಂದ ಶುರುವಾಯಿತು. ಡಿಕ್ಕಿ, ಹಿಂದಿನ ಸೀಟು, ಹಿಂದಿನ ಬಾಗಿಲು. ಮುಂದಕ್ಕೆ ಬರಲು ಅಪ್ಪಣೆ ಇಲ್ಲ. ಸುತ್ತಿಗೆಯ ಸದ್ದು ಜೋರಾದರೆ ಅಜ್ಜಿ ಕಾಂಪೌಂಡಿನ ಆಚೆಯಿಂದ ಗದರುತ್ತಿದ್ದರು. ಹೊತ್ತು ಹೊತ್ತಿಗೆ ಅಕ್ಕಿನುಚ್ಚು, ನೀರು ತಂದು, ಬಾನೆಟ್ಟನ್ನು ತಾವೇ ತೆಗೆದು, ಅದರ ಕೋಲು ಕೊಟ್ಟು ನಿಲ್ಲಿಸಿ, ಕೋಳಿಗೆ ಉಣ್ಣಿಸಿ ಮುಚ್ಚಿ ಹೋಗುತ್ತಿದ್ದರು. ನನಗೆ ಇವತ್ತಿಗೂ ಆ ಕೋಲು ಸರಿಯಾಗಿ ನಿಲ್ಲಿಸಲು ಬರುವುದಿಲ್ಲ.

ಕೊನೆಗೊಂದು ದಿನ ಒಳಗಿಂದ ಚಿಂವ್ ಚಿಂವ್ ಅಂತ ಕೇಳಿಸಿತು. ಅಜ್ಜಿ ಮರಿಗಳನ್ನು ಮಕ್ಕರಿಯಲ್ಲಿ ತುಂಬಿಕೊಂಡು ಹೊರಟ ಮೇಲೆ ಮೆಕ್ಯಾನಿಕ್ ಗಂಭೀರವಾಗಿ ಹೇಳಿದ: "ಸಾರ್, ಜಾಹೀರಾತಲ್ಲಿ ಎಂಜಿನ್ ಬಿಸಿ ಆಗಲ್ಲ ಅಂತ ಮಾತ್ರ ಬರೀಬೇಡಿ. ಮರಿ ಆಗಿದಾವೆ."

ಹೆಡ್‌ಲೈಟಿನ ಹಲ್ಲುಜ್ಜಿದ್ದು

ಹೆಡ್‌ಲೈಟುಗಳು ಹಳದಿಗಟ್ಟಿದ್ದವು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಹೊಸದರ ಹಾಗಾಗುತ್ತವೆ ಅಂತ ಮೊಬೈಲಿನಲ್ಲಿ ಒಬ್ಬ ತೋರಿಸುತ್ತಿದ್ದ. ವಿಜ್ಞಾನದ ಮೇಷ್ಟ್ರಾದ ನನಗೆ ಅದು ಒಪ್ಪಿಗೆಯಾಯಿತು. ಭಾನುವಾರ ಬೆಳಿಗ್ಗೆ ಬೇಗ ಎದ್ದು ಎರಡನ್ನೂ ತಿಕ್ಕಿದೆ. ಬೀದಿಯಲ್ಲಿ ಹಾಲು ಹಾಕಲು ಹೊರಟವರು ನಿಂತು, "ಏನ್ ಮೇಷ್ಟ್ರೇ, ಕಾರಿಗೆ ಮುಖ ತೊಳಿಸ್ತಿದೀರಾ? ಕಾಫಿನೂ ಕುಡಿಸಿ" ಅಂತ ಹೇಳಿ ಹೋದರು.

ಒಳಗಿನಿಂದ ನನ್ನಾಕೆಯ ದನಿ ಬಂತು. "ರೀ, ಪೇಸ್ಟ್ ಎಲ್ಲಿ?"

"ಕಾರಿಗೆ ಆಯ್ತು."

"ಎಲ್ಲಾನೂ?"

"ಎರಡು ಲೈಟ್ ಅಲ್ವಾ..."

ಆಮೇಲೆ ಅವಳೇ ಹೊರಗೆ ಬಂದಳು. ನನ್ನ ಕೈಯಲ್ಲಿದ್ದ ಬ್ರಷ್ಷನ್ನು ನೋಡಿದಳು. ಅದು ಅವಳದು.

"ನನ್ನದು ಗಡುಸು. ಗಾಜಿಗೆ ಗೀರು ಬೀಳ್ತದೆ, ನಿಂದು ಮೃದುವಾಗಿದೆ ಅಂತ..." ಎಂದು ತೊದಲಿದೆ.

"ಮದ್ವೆಯಾಗಿ ಇಷ್ಟು ವರ್ಷ ಆಯ್ತು" ಅಂದಳು ಅವಳು. "ನನ್ನದು ಏನೋ ಒಂದು ಮೃದುವಾಗಿದೆ ಅಂತ ನಿಮ್ಮ ಬಾಯಲ್ಲಿ ಬಂದಿದ್ದು ಇದೇ ಮೊದಲು."

ಆವತ್ತು ಇಬ್ಬರೂ ಬೇವಿನಕಡ್ಡಿಯಲ್ಲಿ ಹಲ್ಲುಜ್ಜಿದೆವು.

ಹಿಂದಿನ ಗಾಜಿನ ನಾಯಕರು

ಹಿಂದಿನ ಗಾಜಿನ ತುಂಬ ಒಂದು ಸ್ಟಿಕ್ಕರಿತ್ತು. ಕೈಮುಗಿದು ನಗುತ್ತಿರುವ ಒಬ್ಬ ನಾಯಕರು, ಸುತ್ತ ಅವರ ಪಕ್ಷದ ಬಣ್ಣ. ಕಾರು ಮಾರಿದವನು ಅವರ ಜೊತೆ ಓಡಾಡುತ್ತಿದ್ದವನು. ಹೀಗೇ ಬಿಟ್ಟರೆ ಬೇರೆ ಪಕ್ಷದವರು ಕೊಳ್ಳುವುದಿಲ್ಲ ಅಂತ ಮೆಕ್ಯಾನಿಕ್ ಸೀಮೆಎಣ್ಣೆ ಹಚ್ಚಿ ಬ್ಲೇಡಿನಲ್ಲಿ ಕೆರೆಯಲು ಕೂತ.

ನಾಯಕರು ಸುಲಿದು ಬಂದರು. ಕೆಳಗೆ ಇನ್ನೊಂದು ಸ್ಟಿಕ್ಕರು. ಬೇರೆ ಪಕ್ಷ, ಬೇರೆ ಬಣ್ಣ, ಬೇರೆ ಘೋಷಣೆ. ಮುಖ ಮಾತ್ರ ಅದೇ. ಸ್ವಲ್ಪ ಕಪ್ಪು ಕೂದಲು ಹೆಚ್ಚಿತ್ತು.

ಅದನ್ನೂ ಕೆರೆದ. ಅದರಡಿಯಲ್ಲಿ ಮೂರನೇ ಪಕ್ಷ. ಅಲ್ಲೂ ಅವರೇ, ಮೀಸೆ ಬಿಟ್ಟುಕೊಂಡು, ಇನ್ನೂ ಅಗಲವಾಗಿ ನಗುತ್ತಾ ಕೈಮುಗಿದಿದ್ದರು. ಪ್ರತಿ ಸ್ಟಿಕ್ಕರಿನ ಕೆಳಗೂ "ಉಸಿರಿರುವವರೆಗೂ ಈ ಪಕ್ಷದಲ್ಲೇ" ಎಂಬರ್ಥದ ಒಂದು ಸಾಲಿತ್ತು. ಉಸಿರು ಯಾರದು ಅಂತ ಬರೆದಿರಲಿಲ್ಲ.

ಮೆಕ್ಯಾನಿಕ್ ಬ್ಲೇಡನ್ನು ಒರೆಸುತ್ತ, "ಸಾರ್, ಇದಕ್ಕೂ ಕೆಳಗೆ ಹೋಗೋದು ಬೇಡ" ಅಂದ.

"ಯಾಕಪ್ಪಾ?"

"ಗಾಜು ಸಿಕ್ತದೆ ಅಂತ ಗ್ಯಾರಂಟಿ ಇಲ್ಲ."

ಬೀದಿಗೆಲ್ಲ ಜ್ವರ

ಬಣ್ಣ ಹೊಡೆಯುವ ದಿನ ಬಂತು. ಕೆಂಪು ಬಣ್ಣದ ಡಬ್ಬ ತಂದು, ಮುಚ್ಚಳ ತೆಗೆದೆವು, ಅಷ್ಟೇ. ವಾಸನೆ ಬೀದಿಗೆ ಹೋದದ್ದೇ ತಡ, ಬೀದಿ ಶೆಡ್ಡಿಗೆ ಬಂತು.

"ಮುಚ್ಚಿ ಮೇಷ್ಟ್ರೇ, ಮುಚ್ಚಿ! ನಮ್ಮ ಹುಳ ಮೂರನೇ ಜ್ವರದಲ್ಲಿ ಅವೆ!"

ರೇಷ್ಮೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹುಳ ಮೇವು ಬಿಟ್ಟು ಅಲುಗಾಡದೆ ಮಲಗಿ ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ. ಹುಳಕ್ಕೆ ಯಾವ ಘಾಟೂ ಆಗದು. ಸೊಳ್ಳೆಬತ್ತಿ ಕೂಡದು, ಊದಿನಕಡ್ಡಿ ಕೂಡದು, ಸೆಂಟು ಹಾಕಿಕೊಂಡ ನೆಂಟರು ಕೂಡದು. ನಮ್ಮ ಬೀದಿಯಲ್ಲಿ ಮೈಕು ಹಾಕಿ ಕಿವಿ ಹರಿಯಬಹುದು, ಚರಂಡಿಗೆ ಏನು ಬೇಕಾದರೂ ಸುರಿಯಬಹುದು, ಅದನ್ನು ಕೇಳುವವರಿಲ್ಲ. ಮನುಷ್ಯರಿಗೆ ಜ್ವರ ಬಂದರೆ ಬರಲಿ ಅಂತ ಬಿಡುವ ಜನ, ಹುಳದ ಜ್ವರಕ್ಕೆ ಮಾತ್ರ ಒಟ್ಟಾಗಿ ನಿಲ್ಲುತ್ತಾರೆ.

"ಜ್ವರ ಬಿಟ್ಟ ಮೇಲೆ ಹೊಡ್ಕೊಳ್ತೀನಿ, ಯಾವಾಗ ಏಳ್ತವೆ?" ಅಂತ ಕೇಳಿದೆ.

"ನಮ್ಮವು ನಾಳೆ ಏಳ್ತವೆ. ಅಷ್ಟೊತ್ತಿಗೆ ಎದುರು ಮನೆಯವು ಮಲಗ್ತವೆ. ಅವು ಎದ್ರೆ ಮೂಲೆ ಮನೆಯವು."

ಕಾಯುತ್ತ ಕೂತರೆ ನನ್ನ ಹಾಸಿಗೆ ಕಾರಿಗೆ ಹೋಗುವುದು ಖಂಡಿತ. ಹಾಗಾಗಿ ಕಾರನ್ನು ಊರಾಚೆಯ ಒಣಗಿದ ಕೆರೆಯಂಗಳಕ್ಕೆ ತಳ್ಳಿಕೊಂಡು ಹೋದೆವು. ಬೇಡ ಅಂದವರೇ ಮುಂದೆ ನಿಂತು ತಳ್ಳಿದರು. ಅಷ್ಟು ಉತ್ಸಾಹ ಆಯುಧಪೂಜೆಯಲ್ಲೂ ಕಂಡಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಾರು ಕೆಂಪಗೆ ಹೊಳೆಯಿತು. ಒಣಗಲಿ ಅಂತ ಬಿಟ್ಟು ನಾವಿಬ್ಬರೂ ಹುಣಸೆಮರದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಮುದ್ದೆ ಮುರಿಯುವಷ್ಟರಲ್ಲಿ ಮೇಕೆಗಳ ಹಿಂಡು ಬಂತು. ಒಂದು ಬಿಳಿ ಹೋತಕ್ಕೆ ಮೈ ನವೆ. ಇಡೀ ಕೆರೆಯಂಗಳ ಖಾಲಿ ಬಿದ್ದಿದ್ದರೂ ಅದಕ್ಕೆ ನನ್ನ ಎಡಬಾಗಿಲೇ ಬೇಕಾಯಿತು. ಚೆನ್ನಾಗಿ ಉಜ್ಜಿಕೊಂಡಿತು.

ಮೇಯಿಸುವಾತ ಓಡಿ ಬಂದು ನನ್ನನ್ನೇ ಬೈದ. "ಕಾರಿಗೆ ಹೊಡೀರಿ ಸ್ವಾಮಿ, ಬೇಡ ಅನ್ನಲ್ಲ. ನನ್ ಮೇಕೆಗ್ಯಾಕೆ ಹೊಡೀತೀರಾ?"

ಬಾಗಿಲ ಮೇಲೆ ಒಂದು ಅಂಗೈಯಗಲ ಬಿಳಿ ಕೂದಲು ಅಂಟಿಕೊಂಡು ಒಣಗಿತು. ಕೀಳಲು ಹೋದರೆ ಬಣ್ಣವೇ ಬರುತ್ತಿತ್ತು, ಬಿಟ್ಟೆವು. ಆ ವಾರದ ಸಂತೆಯಲ್ಲಿ ಎಲ್ಲಕ್ಕಿಂತ ಮೊದಲು ಮಾರಾಟವಾದದ್ದು ಕೆಂಪು ಪಕ್ಕೆಯ ಹೋತವಂತೆ. ಹೊಸ ತಳಿ ಅಂತ ಒಳ್ಳೆಯ ರೇಟೇ ಬಂತಂತೆ. ಅದೇ ಡಬ್ಬದ ಬಣ್ಣ ಬಳಿದುಕೊಂಡ ನನ್ನ ಕಾರು ಮಾತ್ರ ತಿರುಗಿ ಶೆಡ್ಡಿಗೆ ಬಂದು ನಿಂತಿತು.

ಊರಿಗೆ ಹೋಗಿ ತಿಳಿಸ್ತೀವಿ

ಮೊಬೈಲಿನಲ್ಲಿ ಜಾಹೀರಾತು ಹಾಕಿದೆ. ಕಾರು ಓಡುತ್ತದಾ, ನಿಲ್ಲುತ್ತದಾ ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ: "ಲಾಸ್ಟ್ ಎಷ್ಟು ಸಾರ್?"

ಕಣ್ಣಾರೆ ನೋಡಬೇಕೆಂದು ಬಂದವರು ಗೌರಿಬಿದನೂರಿನ ಒಂದು ಸಂಸಾರ. ಗಂಡ, ಹೆಂಡತಿ, ಅತ್ತೆ, ಮಾವ, ಜೊತೆಗೆ ಒಳ್ಳೆಯ ಹೊತ್ತು ನೋಡಲು ಒಬ್ಬ ದೂರದ ಚಿಕ್ಕಪ್ಪ. ಮನೆಗೆ ಬಂದವರಿಗೆ ಏನಾದರೂ ಕೊಡಬೇಕಲ್ಲ, ನನ್ನಾಕೆ ಕೇಸರಿಬಾತು, ಬಜ್ಜಿ ಮಾಡಿದಳು. ತಿಂದರು. ಕಾರನ್ನು ಬಿಸಿಲಿಗೆ ತರಿಸಿ ನೋಡಿದರು. ಮೊದಲು ಯಾರ ಮನೆಯಲ್ಲಿತ್ತು, ಹೊಂದಿಕೊಂಡು ಹೋಗುತ್ತದಾ, ಸದ್ದು ಜಾಸ್ತಿಯಾ ಅಂತ ಕೇಳಿದರು. ಅತ್ತೆಯವರು ಬಣ್ಣ ಸ್ವಲ್ಪ ಗಾಢವಾಯಿತು ಅಂದರು. ಬಜ್ಜಿ ಇನ್ನೊಂದು ಸುತ್ತು ಬಂತು. ಕೊನೆಗೆ ಚಿಕ್ಕಪ್ಪ ಎದ್ದು ಕೈ ಒರೆಸಿಕೊಂಡು, "ಊರಿಗೆ ಹೋಗಿ ತಿಳಿಸ್ತೀವಿ" ಅಂದರು.

ಇದೇ ರೀತಿ ಇನ್ನೂ ಎರಡು ಮೂರು ಕುಟುಂಬಗಳು ಬಂದು ತಿಂದು ಹೋದವು. ಯಾರೂ ತಿಳಿಸಲಿಲ್ಲ.

"ಇವರೆಲ್ಲ ಕಾರು ನೋಡೋಕೆ ಬರ್ತಾರೋ ಕೇಸರಿಬಾತಿಗೆ ಬರ್ತಾರೋ!" ಅಂತ ನಾನು ಸಿಡುಕಿದೆ.

ನನ್ನಾಕೆ ಬಾಣಲೆ ತೊಳೆಯುತ್ತಿದ್ದಳು. "ನನ್ನ ನೋಡೋಕೆ ಬಂದಾಗ ನೀವು ಎರಡು ಪ್ಲೇಟ್ ತಿಂದು, ಊರಿಗೆ ಹೋಗಿ ತಿಳಿಸ್ತೀವಿ ಅಂದು ಮೂರು ತಿಂಗಳು ಸುಮ್ನೆ ಇದ್ರಲ್ಲಾ. ನಮ್ಮಪ್ಪನ ಹೊಟ್ಟೆಯುರಿ ಈಗ ತಟ್ತಿದೆ, ತಗೊಳ್ಳಿ."

ಟವೆಲ್ಲಿನ ಕೆಳಗೆ

ಚಾಕಿ ಕೇಂದ್ರದಿಂದ ಫೋನು ಬಂತು. ಮೂರು ದಿನದಲ್ಲಿ ಹುಳ ಕೊಡುತ್ತಾರೆ. ಅಷ್ಟರೊಳಗೆ ಶೆಡ್ಡು ತೊಳೆದು, ಬ್ಲೀಚಿಂಗ್ ಪುಡಿ ಹೊಡೆದು, ಸುಣ್ಣ ಬಳಿಯಬೇಕು. ನನ್ನಾಕೆ ನೇರ ನನ್ನ ರೂಮಿಗೆ ಹೋದಳು. ನನ್ನ ದಿಂಬನ್ನು ತಂದು ಕಾರಿನ ಹಿಂದಿನ ಸೀಟಿನ ಮೇಲಿಟ್ಟು ಹೋದಳು. ನನಗೆ ನಿಜವಾಗಿಯೂ ಭಯವಾಯಿತು.

ಆಗ ಮೆಕ್ಯಾನಿಕ್ ಚಿಂತಾಮಣಿ ಕಡೆಯ ಒಬ್ಬ ದಲ್ಲಾಳಿಯನ್ನು ಕರೆತಂದ. ಜೀವಮಾನವೆಲ್ಲ ಎತ್ತುಗಳ ವ್ಯಾಪಾರ ಮಾಡಿಸಿದವರು. ಊರಲ್ಲಿ ಎತ್ತು ಕಡಿಮೆಯಾಗಿ ಗಾಡಿಗಳು ಹೆಚ್ಚಾದ ಮೇಲೆ ಅವರು ಸರಕು ಬದಲಾಯಿಸಿದ್ದರು, ಪದ್ಧತಿ ಬದಲಾಯಿಸಿರಲಿಲ್ಲ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. ಡಿಕ್ಕಿಯ ಮೇಲೆ ಪಟಾರೆಂದು ಹೊಡೆದರು. ಬಗ್ಗಿ ಮುಂದಿನ ಜಾಲರಿಯೊಳಗೆ ಇಣುಕಿದರು. ಎಡಗಡೆ ಒಂದು ನೆಗ್ಗು ಕಂಡು, ಎತ್ತಿನ ಮೈಮೇಲಿನ ಕೂದಲ ಸುಳಿ ನೋಡಿದ ಹಾಗೆ ನೋಡಿ ತಲೆ ಅಲ್ಲಾಡಿಸಿದರು.

"ಸುಳಿ ಸರಿ ಇಲ್ಲ ಮೇಷ್ಟ್ರೇ. ಇದು ಒಂಟಿ ಸುಳಿ. ಮನೆಗೆ ಆಗಿಬರಲ್ಲ."

ಎಡಬಾಗಿಲ ಮೇಲೆ ಕೈಯಾಡಿಸಿದವರು ತಟ್ಟನೆ ನಿಂತರು. ಎರಡು ಬೆರಳಲ್ಲಿ ಏನನ್ನೋ ಹಿಡಿದು, ಬಿಸಿಲಿಗೆ ಎತ್ತಿ ನೋಡಿದರು.

"ಎಂತೆಂಥ ಎತ್ತು ನೋಡಿದೀನಿ. ಕೂದ್ಲು ಬಂದಿರೋ ಕಾರು ಇದೇ ಮೊದ್ಲು."

ಮಾರನೆಯ ದಿನವೇ ಅವರು ಗಿರಾಕಿಯನ್ನು ಕರೆತಂದರು. ಸ್ಕಂದಗಿರಿ ತಪ್ಪಲಿನ ಒಂದು ಹಳ್ಳಿಯ ಹಿರಿಯ ರೈತರು. ಬಿಳಿ ಪಂಚೆ, ಬಿಳಿ ಮೀಸೆ, ತುಂಬ ಮರ್ಯಾದಸ್ಥರು. ಜೊತೆಗೆ ಅವರ ಮನೆಯಾಕೆ. ಆಕೆಗೆ ಮಂಡಿನೋವು, ಬಸ್ಸು ಹತ್ತಲು ಆಗುವುದಿಲ್ಲ, ಅದಕ್ಕೇ ಕಾರು. ಆಯಮ್ಮ ಜಗಲಿ ಮೇಲೆ ಕೂತು ಎಲೆಅಡಿಕೆ ಹಾಕಿಕೊಂಡರು. ಕಾರು ಸ್ಟಾರ್ಟ್ ಆಯಿತು, ಬೀದಿಯಲ್ಲಿ ಒಂದು ಸುತ್ತು ಹೋಗಿಯೂ ಬಂತು. ನನಗೇ ಆಶ್ಚರ್ಯವಾಗಿ ಬಾಯಿ ತೆರೆದುಕೊಂಡು ನಿಂತಿದ್ದೆ.

"ಇನ್ನ ರೇಟು" ಅನ್ನುತ್ತ ದಲ್ಲಾಳಿ ಹೆಗಲ ಮೇಲಿನ ಟವೆಲ್ ತೆಗೆದು ನನ್ನ ಮತ್ತು ಹಿರಿಯರ ಕೈಗಳ ಮೇಲೆ ಹೊದಿಸಿದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು, ಬೆರಳು ಅದುಮಿ ಹೇಳುತ್ತಾರೆ. ಸುತ್ತ ನಿಂತವರಿಗೆ ಗೊತ್ತಾಗಬಾರದು ಅಂತ. ಯಾವ ಬೆರಳಿಗೆ ಎಷ್ಟು ಅಂತ ನನಗೂ ಗೊತ್ತಿರಲಿಲ್ಲ. ಕೇಳಲು ಮೇಷ್ಟ್ರೆಂಬ ಬಿಗುಮಾನ ಬಿಡಲಿಲ್ಲ.

ಹಿರಿಯರು ನನ್ನ ಅಂಗೈಯಲ್ಲಿ ಎರಡು ಬೆರಳು ಆಡಿಸಿದರು. ನನಗೆ ಕಚಗುಳಿ ಜಾಸ್ತಿ. ಕಿಸಕ್ಕನೆ ನಕ್ಕುಬಿಟ್ಟೆ.

"ನಾನು ಹೇಳಿದ ರೇಟಿಗೆ ನಗ್ತಾರಲ್ಲಪ್ಪ ಮೇಷ್ಟ್ರು!" ಅಂತ ಅವರಿಗೆ ಬೇಜಾರಾಯಿತು.

ಸರಿಪಡಿಸೋಣ ಅಂತ ಅವರ ಐದೂ ಬೆರಳನ್ನು ಗೌರವದಿಂದ ಗಟ್ಟಿಯಾಗಿ ಹಿಡಿದೆ. ಅವರ ಕಣ್ಣು ದೊಡ್ಡದಾಯಿತು. "ಇಷ್ಟಾ? ಇಷ್ಟಕ್ಕೆ ಚಿಕ್ಕಬಳ್ಳಾಪುರದಲ್ಲಿ ಸೈಟ್ ಬರ್ತದೆ!" ಗಾಬರಿಯಾಗಿ ಎಲ್ಲ ಬಿಟ್ಟು ಕಿರುಬೆರಳೊಂದನ್ನು ಹಿಡಿದುಕೊಂಡೆ. ಅವರು ಕೈ ಎಳೆದುಕೊಂಡು ಎದ್ದೇ ಬಿಟ್ಟರು.

"ಇಷ್ಟು ಬೇಗ ಇಷ್ಟು ಕೆಳಗಿಳೀತಾರೆ ಅಂದ್ರೆ ಕಾರಲ್ಲಿ ಏನೋ ಐಬು ಐತೆ. ಬೇಡ, ನಡಿಯೇ ಹೋಗಣ."

ಕಾರಿನ ಕಿಟಕಿಯೊಳಗೆ ನನ್ನ ದಿಂಬು ಕಾಣುತ್ತಿತ್ತು.

ಅಷ್ಟರಲ್ಲಿ ತೋಟದಿಂದ ಸೊಪ್ಪಿನ ಹೊರೆ ಹೊತ್ತು ನನ್ನಾಕೆ ಬಂದಳು. ಎದ್ದು ನಿಂತ ಗಿರಾಕಿಯನ್ನು ನೋಡಿದಳು, ನನ್ನ ಮುಖ ನೋಡಿದಳು. ಯಾರೂ ಏನೂ ಹೇಳಬೇಕಾಗಲಿಲ್ಲ. ಹೊರೆ ಇಳಿಸಿ, ಕೈ ಒರೆಸಿಕೊಂಡು, ಟವೆಲ್ಲನ್ನು ಕಸಿದು ತನ್ನ ಕೈಮೇಲೆ ಹಾಕಿಕೊಂಡಳು.

"ನಾಡಿದ್ದು ಹುಳ ಬರ್ತವೆ. ನಾನೇ ವ್ಯಾಪಾರ ಮಾಡ್ತೀನಿ. ಕೊಡಿ ಯಜಮಾನ್ರೇ, ಕೈ."

ದಲ್ಲಾಳಿಯ ಬಾಯಿಂದ ಬೀಡಿ ಬಿತ್ತು. "ಅಮ್ಮಾ, ಹೆಂಗಸ್ರು ಟವೆಲ್ ಕೆಳಗೆ..."

"ಯಾಕೆ? ಕಾರು ನಿಂತಿರೋದು ನನ್ನ ಶೆಡ್ಡಲ್ಲಿ. ಬೆರಳಲ್ಲೇ ಹೇಳ್ಬೇಕು ಅನ್ನೋದು ನಿಮ್ಮ ಪದ್ಧತಿ ತಾನೆ? ಅದರ ಪ್ರಕಾರಾನೇ ಆಗ್ಲಿ. ಬನ್ನಿ ಯಜಮಾನ್ರೇ."

ಹಿರಿಯರು ಬೆವತರು. ಒಲ್ಲೆ ಅಂದರೆ ಹೆಣ್ಣುಮಗಳಿಗೆ ಅವಮಾನ, ಹೂಂ ಅಂದರೆ ಜಗಲಿ ಮೇಲೆ ಹೆಂಡತಿ. ಕೊನೆಗೆ ದಾಕ್ಷಿಣ್ಯಕ್ಕೆ ಬಿದ್ದು, ಕೈಯನ್ನು ಟವೆಲ್ಲಿನ ಕಡೆಗೆ ಒಂದು ಅಂಗುಲ ಸರಿಸಿದರು.

ಜಗಲಿ ಮೇಲೆ ಎಲೆಅಡಿಕೆ ಅಗಿಯುವುದು ನಿಂತಿತು. ಬಸ್ಸು ಹತ್ತಲಾಗದ ಆ ಮಂಡಿ ಒಂದೇ ಏಟಿಗೆ ಜಗಲಿ ಇಳಿದು ಬಂತು.

"ಏಯ್, ತೆಗೀ ಕೈಯ! ಆಯಮ್ಮ ಎಷ್ಟು ಕೇಳ್ತಾಳೋ ಅಷ್ಟು ಕೊಟ್ಟು ಸುಮ್ನೆ ಬಾ! ಕಾಸು ಹೋದ್ರೆ ಸಂಪಾದಿಸ್ಬೋದು!"

ನನ್ನಾಕೆ ಬಾಯಲ್ಲೇ ಬೆಲೆ ಹೇಳಿದಳು. ಅದನ್ನು ಕೇಳಿ ನಾನೇ ಕಾರಿನ ಹಿಂದಕ್ಕೆ ಸರಿದು ನಿಂತೆ. ಹಿರಿಯರು ಅವಳ ಮುಖ ನೋಡಲಿಲ್ಲ, ಕಾರಿನ ಮುಖವನ್ನೂ ನೋಡಲಿಲ್ಲ. "ಆಯ್ತಮ್ಮ, ಆಯ್ತು, ಹಂಗೇ ಆಗ್ಲಿ" ಅಂತ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಒಪ್ಪಿದರು.

ಕಾರು ಹೊರಡುವ ಮೊದಲು ಪಕ್ಕದ ಮನೆ ಅಜ್ಜಿ ಅಡ್ಡ ಬಂದು, "ಒಂದ್ಸಲ ಬಾನೆಟ್ ತೆಗೀರಪ್ಪಾ, ನನ್ ಕೋಳಿ ಬೆಳಿಗ್ಗೆಯಿಂದ ಕಾಣ್ತಿಲ್ಲ" ಅಂದರು. ತೆಗೆದರೆ ಇರಲಿಲ್ಲ. ನನ್ನ ದಿಂಬನ್ನು ನಾನು ನೆನಪಿಟ್ಟು ತೆಗೆದುಕೊಂಡೆ.

ಹುಳ ಬಂದವು, ಉಳಿದ ಜ್ವರಗಳನ್ನು ಮುಗಿಸಿದವು, ನಮ್ಮ ಸೊಪ್ಪು ತಿಂದು ನಮ್ಮ ಶೆಡ್ಡಿನಲ್ಲೇ ಗೂಡು ಕಟ್ಟಿದವು. ನನ್ನ ರೂಮು ನನಗೇ ಉಳಿಯಿತು. ಈಗ ನಮ್ಮ ಬೀದಿಯಲ್ಲಿ ಯಾರು ಏನೇ ಮಾರಲಿ, ಹಸುವಾಗಲಿ, ಬೈಕಾಗಲಿ, ನನ್ನಾಕೆಯನ್ನು ಕರೆದುಕೊಂಡು ಹೋಗುತ್ತಾರೆ. ಅವಳು ಅಲ್ಲಿ ಏನೂ ಮಾತಾಡುವುದಿಲ್ಲ. ಹೆಗಲ ಮೇಲೆ ಒಂದು ಟವೆಲ್ ಹಾಕಿಕೊಂಡು ಸುಮ್ಮನೆ ನಿಲ್ಲುತ್ತಾಳೆ.